‘ಟಿಕ್’ ಉಳಿಯಲಿ, ನಾಲ್ಕು ದಿನ ಹೋಗಲಿ

(ಮೈಸೂರಿನಲ್ಲಿ ವಿಡಿಯೊ ಗೇಮ್ ಮಾಡುವ ಗೆಳೆಯರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ, ಗಾಡಿಯ ಎಂಜಿನ್ ಕಟ್ಟುವ ಆಟಗಳ ಬಗ್ಗೆ ಆಡಿದ ಮಾತು ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಲ್ಲಿ ಹೇಳಿದ್ದೇನೆ. ತೊದಲಿದ್ದನ್ನು ತಿದ್ದಿದ್ದೇನೆ, ವಾದಿಸಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಟದ ಮಾತಿಗೆ ಮುಂಚೆ ಒಂದು ಗ್ಯಾರೇಜಿನ ಕಥೆ ಹೇಳಿಬಿಡ್ತೀನಿ.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ನಮ್ಮನೆಯಲ್ಲಿ ಚಿಕ್ಕಪ್ಪನ ಹಳೇ ಯೆಜ್ಡಿ ಬೈಕ್ ಇತ್ತು. ಇದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತ್ತು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿರುವ ಆ ಗಾಡಿ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಹೊಗೆ ಜಾಸ್ತಿಯಾಯಿತು, ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲೇ ಉಸಿರು ಬಿಡತೊಡಗಿತು. ಥರ್ಮೊಡೈನಮಿಕ್ಸ್ ಪರೀಕ್ಷೆಯಲ್ಲಿ ಒಳ್ಳೇ ಅಂಕ ಬಂದಿದ್ದ ಹುಮ್ಮಸ್ಸಿನಲ್ಲಿ, ದಸರಾ ರಜೆಯಲ್ಲಿ ನಾನೇ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್ ಇರುವ ಭಾಗ) ಬಿಚ್ಚುತ್ತೇನೆ ಅಂತ ಹೊರಟೆ. ಲೇತ್‌ಗೆ ಕೊಟ್ಟು ಬೋರ್ ಮಾಡಿಸಿ, ಅಂದರೆ ಸಿಲಿಂಡರನ್ನು ಸ್ವಲ್ಪ ಅಗಲ ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ತಂದದ್ದಾಯಿತು. ಪರಿಚಯದ ಮೇಸ್ತ್ರಿ ತಮ್ಮ ಗ್ಯಾರೇಜಿನ ಮೂಲೆ ಬಿಟ್ಟುಕೊಟ್ಟು, ತಾವು ಬೇರೆ ಗಾಡಿ ನೋಡುತ್ತಾ ಕೂತರು.

ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಗಾಳಿ-ಪೆಟ್ರೋಲು ಒಳಗೆ ಬರುವುದು, ಹೊಗೆ ಹೊರಗೆ ಹೋಗುವುದು ಅವುಗಳ ಮೂಲಕ. ಪಿಸ್ಟನ್ನಿನ ಸುತ್ತ ಕೂರುವ ರಿಂಗು ತನ್ನ ತೋಡಿನಲ್ಲಿ ತಿರುಗಿಕೊಂಡು, ಅದರ ಬಾಯಿ ಆ ಕಿಂಡಿಗೆ ಬಂದರೆ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಹಾಗಾಗದಿರಲಿ ಅಂತ ಪ್ರತಿ ತೋಡಿನಲ್ಲೂ ಅಕ್ಕಿಕಾಳಿಗಿಂತ ಸಣ್ಣದೊಂದು ಪಿನ್ನು ಇಟ್ಟಿರುತ್ತಾರೆ. ರಿಂಗಿನ ಎರಡೂ ತುದಿ ಆ ಪಿನ್ನಿನ ಅಕ್ಕಪಕ್ಕ ಕೂರಬೇಕು. ನಾನು ರಿಂಗ್ ಹಾಕಿದೆ, ಎಣ್ಣೆ ಸವರಿದೆ, ಬ್ಲಾಕನ್ನು ಮೇಲಿಂದ ಇಳಿಸಿದೆ. ಅರ್ಧದಲ್ಲಿ ತಡೆಯಿತು. ಸ್ವಲ್ಪ ಒತ್ತಿದೆ.

ಟಿಕ್.

ಅಷ್ಟೇ ಸದ್ದು. ಊಟದಲ್ಲಿ ಹಪ್ಪಳ ಮುರಿದ ಹಾಗೆ. ಮೇಸ್ತ್ರಿ ತಲೆ ಎತ್ತಲೂ ಇಲ್ಲ, ‘ಹೋಯ್ತು ರಿಂಗು’ ಅಂದರು. ಆ ಸೈಜಿನ ರಿಂಗು ಊರಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ, ಅದು ಬರುವಷ್ಟರಲ್ಲಿ ನಾಲ್ಕು ದಿನ. ಜಂಬೂಸವಾರಿ ಮುಗಿದುಹೋಗಿತ್ತು.

ಈ ಕಥೆಯನ್ನು ಆಟ ಮಾಡಬೇಕು ಅಂತಿಟ್ಟುಕೊಳ್ಳಿ. ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ? ನಮ್ಮಲ್ಲಿ ‘ರಿಯಲಿಸಂ’ ಅಂದ ಕೂಡಲೇ ಎಷ್ಟು ಬೋಲ್ಟು, ಎಷ್ಟು ಪಾರ್ಟು, ಚಿತ್ರ ಕಟ್ಟಲು ಎಷ್ಟು ಪಾಲಿಗಾನು (ಬಹುಭುಜ) ಅಂತ ಲೆಕ್ಕ ಶುರುವಾಗುತ್ತದೆ. ‘ಮಜಾ’ ಅಂದರೆ ಅವನ್ನೆಲ್ಲ ಕಡಿಮೆ ಮಾಡುವುದು ಅಂತ. ತಕ್ಕಡಿಯ ಎರಡು ತಟ್ಟೆಯಂತೆ. ನನಗೆ ಆ ತಕ್ಕಡಿಯ ಮೇಲೇ ಅನುಮಾನ. ನನ್ನ ಕಥೆಯಲ್ಲಿ ‘ಟಿಕ್’ ಇದೆಯಲ್ಲ, ಅದೇ ನಿಜ, ಅದೇ ಮಜಾ. ನಾಲ್ಕು ದಿನ ಕಾದದ್ದೂ ನಿಜವೇ, ಆದರೆ ಅದರಲ್ಲಿ ಕಲಿಯುವುದಕ್ಕೆ ಏನೂ ಇರಲಿಲ್ಲ. ಕಾರಣ–ಪರಿಣಾಮದ ಸರಪಳಿಗೆ ಕೈ ಹಾಕಬೇಡಿ, ಗಡಿಯಾರಕ್ಕೆ ಎಷ್ಟು ಬೇಕಾದರೂ ಕತ್ತರಿ ಹಾಕಿ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದಕ್ಕೆ ಒಗ್ಗದ ಒಂದು ಆಟವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ಕಾರ್ ಮೆಕ್ಯಾನಿಕ್ ಸಿಮ್ಯುಲೇಟರ್’. ಪೋಲೆಂಡಿನ ರೆಡ್ ಡಾಟ್ ಗೇಮ್ಸ್‌ನವರದು, 2014ರಿಂದ ಒಂದಾದ ಮೇಲೊಂದು ಬಂದಿವೆ. ಇಲ್ಲಿ ಎಷ್ಟು ಜನ ಆಡಿದ್ದೀರಿ? (ಸುಮಾರು ಅರ್ಧ ಜನ ಕೈ ಎತ್ತಿದರು.) ಎಂಜಿನ್ನನ್ನು ಸ್ಟ್ಯಾಂಡಿಗೆ ಏರಿಸಿ ಒಂದೊಂದೇ ಭಾಗ ಬಿಚ್ಚುತ್ತೀರಿ, ಕ್ರ್ಯಾಂಕ್‌ವರೆಗೂ. ನೋಡಲು ಬಹಳ ಚೆನ್ನ. ಆದರೆ ಎರಡು ಸಂಗತಿ ನನ್ನನ್ನು ಚುಚ್ಚುತ್ತವೆ. ಒಂದು, ಅಲ್ಲಿ ತಪ್ಪಾಗಿ ಜೋಡಿಸಲು ಬರುವುದೇ ಇಲ್ಲ. ಭಾಗ ಎಲ್ಲಿ ಕೂರಬೇಕೋ ಅಲ್ಲಿ ಅದರ ನೆರಳು ಮೂಡುತ್ತದೆ, ಅಲ್ಲೇ ಕೂರುತ್ತದೆ. ಬೋಲ್ಟಿನ ಮೇಲೆ ಮೌಸ್ ಒತ್ತಿ ಹಿಡಿದರೆ ಅದೇ ತಿರುಗಿ ಬಿಗಿಯಾಗುತ್ತದೆ. ಎಷ್ಟು ಬೋಲ್ಟಿದ್ದರೂ ಆ ‘ಟಿಕ್’ಗೆ ಜಾಗವಿಲ್ಲ. ಎರಡು, ಪ್ರತಿ ಭಾಗದ ಸ್ಥಿತಿ ಶೇಕಡಾವಾರಿನಲ್ಲಿ ಬರುತ್ತದೆ: ಪಿಸ್ಟನ್ ಶೇ 43, ಹೆಡ್ ಶೇ 61 ಅನ್ನುವಂತೆ. ನೀವೇ ಹೇಳಿ, ಯಾವ ಮೇಸ್ತ್ರಿ ನಿಮ್ಮ ಗಾಡಿ ನೋಡಿ ಶೇಕಡಾ ಹೇಳಿದ್ದಾರೆ? ಅವರು ಸದ್ದು ಕೇಳುತ್ತಾರೆ, ಹೊಗೆ ನೋಡುತ್ತಾರೆ, ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕುತ್ತಾರೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲು ಜಾಸ್ತಿ, ನಿಲ್ಲದೆ ದಟ್ಟ ಬಿಳಿ ಬಂದರೆ ಎಂಜಿನ್ ತಣಿಸುವ ಕೂಲಂಟ್ ಒಳಗೆ ಸೋರುತ್ತಿರಬಹುದು. ರೋಗ ಹುಡುಕುವ ಆ ಕೆಲಸವೇ ಕಸುಬಿನ ಅರ್ಧ ಸುಖ. ನಂಬರು ತೋರಿಸಿಬಿಟ್ಟರೆ ಉಳಿಯುವುದು ಸಾಮಾನು ಪಟ್ಟಿ.

ಇದಕ್ಕೆ ನನ್ನ ಹೆಂಡತಿಯ ತಕರಾರಿದೆ, ಅದನ್ನೂ ಹೇಳಿಬಿಡಬೇಕು. ಅವಳು ಆಫೀಸಿನಿಂದ ಬಂದು ಇದೇ ಆಟದಲ್ಲಿ ತುಕ್ಕು ಹಿಡಿದ ಎಂಜಿನ್ನನ್ನು ಫಳಫಳ ಮಾಡಿ ಮಲಗುತ್ತಾಳೆ. ‘ದಿನವಿಡೀ ತಪ್ಪು ಹುಡುಕಿ ಬಂದಿದ್ದೀನಿ, ಇಲ್ಲೂ ಹುಡುಕಲಾ?’ ಅನ್ನುತ್ತಾಳೆ. ಅವಳು ಸಾಫ್ಟ್‌ವೇರ್ ಟೆಸ್ಟರ್. ಅವಳ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಅದು ಹೂ ಕಟ್ಟುವ, ಅಕ್ಕಿ ಆರಿಸುವ ಸುಖ. ಆ ಆಟವನ್ನು ಆ ಕೆಲಸಕ್ಕೆ ಮಾಡಿದ್ದರೆ ಸರಿಯಾಗಿಯೇ ಮಾಡಿದ್ದಾರೆ.

ಈಗ ನನಗೆ ತುಂಬಾ ಹಿಡಿಸಿದ ಆಟ, ‘ಆಟೊಮೇಶನ್’. ಕ್ಯಾಮ್‌ಶಾಫ್ಟ್ ಸಾಫ್ಟ್‌ವೇರ್ ಅನ್ನುವ ತಂಡದ್ದು, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದದ್ದು 2015ರಲ್ಲಿ. ಇದರಲ್ಲಿ ನೀವು ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ. ನೀವಿಲ್ಲಿ ಎಂಜಿನ್ ವಿನ್ಯಾಸ ಮಾಡುವವರು. ಬೋರು (ಸಿಲಿಂಡರಿನ ಅಗಲ) ಎಷ್ಟು, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) ಎಷ್ಟು, ಕ್ರ್ಯಾಂಕು ಎರಕದ್ದೋ ಬಡಿದು ಮಾಡಿದ್ದೋ, ವಾಲ್ವು ಎಷ್ಟು, ವಾಲ್ವು ತೆರೆಯುವ ಕ್ಯಾಮ್ ಎಷ್ಟು ಚುರುಕು, ಕಂಪ್ರೆಶನ್ (ಮಿಶ್ರಣವನ್ನು ಒತ್ತುವ ಪ್ರಮಾಣ) ಎಷ್ಟು, ಎಲ್ಲವನ್ನೂ ನೀವೇ ನಿರ್ಧರಿಸಬೇಕು. ಎರಡನೇ ಮಹಾಯುದ್ಧ ಮುಗಿದ ಕಾಲದಿಂದ ಹಿಡಿದು ಈಚಿನವರೆಗೆ ಯಾವ ವರ್ಷ ಆರಿಸುತ್ತೀರೋ ಆ ವರ್ಷದ ತಂತ್ರಜ್ಞಾನ ನಿಮ್ಮ ಕೈಗೆ ಸಿಗುತ್ತದೆ. (ಟೂ-ಸ್ಟ್ರೋಕ್ ಇಲ್ಲ. ಮೈಸೂರಿನವನಾಗಿ ಅದೊಂದು ಬೇಸರ.)

ನಾಲ್ಕು ಸಿಲಿಂಡರಿನ ಒಂದು ಎಂಜಿನ್ ಕಟ್ಟೋಣ. ಬೋರು 80 ಮಿ.ಮೀ., ಸ್ಟ್ರೋಕು 84. ಲೆಕ್ಕ ಹಾಕಿದರೆ ನಾಲ್ಕೂ ಸಿಲಿಂಡರಿಗೆ ಸೇರಿ 1,689 ಸಿ.ಸಿ. ಬರುತ್ತದೆ. ದುಡ್ಡು ಉಳಿಸಲು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಎರಕದ್ದೇ ಹಾಕಿದ್ದೇವೆ. ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮಿತಿ 6,000. ಆ ವೇಗದಲ್ಲಿ ಪ್ರತಿ ಪಿಸ್ಟನ್ನು ಸೆಕೆಂಡಿಗೆ ನೂರು ಸಲ ಮೇಲೆ ಹೋಗಿ ಕೆಳಗೆ ಬರುತ್ತಿರುತ್ತದೆ. ಪಿಸ್ಟನ್ ಅರ್ಧ ಕೆ.ಜಿ. ಇದ್ದರೆ, ಮೇಲ್ತುದಿಯಲ್ಲಿ ಅದನ್ನು ತಡೆದು ವಾಪಸ್ ಎಳೆಯುವಾಗ ರಾಡಿನ ಮೇಲೆ ಬೀಳುವ ಸೆಳೆತ ಸುಮಾರು ಒಂದು ಟನ್. ಈ ಲೆಕ್ಕ ಆಟದ್ದಲ್ಲ, ನಾನು ಕಾಗದದ ಮೇಲೆ ಹಾಕಿದ್ದು. ಇನ್ನೊಂದಿಷ್ಟು ಪವರ್ ಇರಲಿ ಅಂತ ಮಿತಿಯನ್ನು 7,000ಕ್ಕೆ ಎಳೆಯಿರಿ. ಸೆಳೆತ ಒಂದೂವರೆ ಟನ್ನಿಗೆ ಹತ್ತಿರ ಹೋಗುತ್ತದೆ. ವೇಗ ಹೆಚ್ಚಿದ್ದು ಆರರಲ್ಲೊಂದು ಪಾಲು, ಸೆಳೆತ ಹೆಚ್ಚಿದ್ದು ಮೂರರಲ್ಲೊಂದು ಪಾಲಿಗಿಂತ ಜಾಸ್ತಿ. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುತ್ತದಲ್ಲ, ಅದಕ್ಕೆ. ಕಾಲೇಜಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಿದ್ದರು, ನಾವು ಬರೆದುಕೊಂಡಿದ್ದೆವು. ಆಟದಲ್ಲಿ ಸ್ಲೈಡರ್ ಎಳೆದ ಮರುಕ್ಷಣ ರಾಡು ತಡೆಯುವುದಿಲ್ಲ ಅನ್ನುವ ಎಚ್ಚರಿಕೆ ಬರುತ್ತದೆ. ಗಟ್ಟಿ ರಾಡು ಹಾಕಿದರೆ ಖರ್ಚು ಏರುತ್ತದೆ, ತಯಾರಿಸುವ ಸಮಯ ಏರುತ್ತದೆ. ಸ್ಟ್ರೋಕು ಕಡಿಮೆ ಮಾಡಿದರೆ ಸೆಳೆತ ಇಳಿಯುತ್ತದೆ, ಆದರೆ ಸಿ.ಸಿ. ಹೋಗುತ್ತದೆ, ಅದನ್ನು ತುಂಬಲು ಬೋರು ಹಿಗ್ಗಿಸಿದರೆ ಎಂಜಿನ್ ಉದ್ದವಾಗಿ ಕಾರಿನ ಬಾನೆಟ್ಟಿನಡಿ ಕೂರುವುದಿಲ್ಲ. ಚುರುಕು ಕ್ಯಾಮ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಕುದುರೆ, ಸಿಗ್ನಲ್ಲಿನಲ್ಲಿ ಕತ್ತೆ.

ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಕಾಲಕ್ಕೆ ಮಾತ್ರ ಅವರು ನಿರ್ದಯವಾಗಿ ಕತ್ತರಿ ಹಾಕಿದ್ದಾರೆ. ನಿಜವಾದ ಎಂಜಿನ್ನಿನಲ್ಲಿ ಒಂದು ಕ್ಯಾಮ್ ಬದಲಿಸಿ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ಗ್ರಾಫ್ ನೋಡಬೇಕಾದರೆ ಒಂದಿಡೀ ದಿನ ಹೋಗಬಹುದು. ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಟಾರ್ಕ್ (ತಿರುಗಿಸುವ ಬಲ) ಗೆರೆ ಬದಲಾಗುತ್ತದೆ. ನಾನು ಒಂದು ಸಂಜೆಯಲ್ಲಿ ನಲವತ್ತು ಎಂಜಿನ್ ಹಾಳು ಮಾಡಿದ್ದೇನೆ. ಹಾಳು ಮಾಡುವ ವೇಗದಲ್ಲೇ ಕಲಿಕೆ ಇದೆ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಇನ್ನೊಂದು ಸಂಗತಿ ಗಮನಿಸಿ. ಬೋಲ್ಟ್ ಇಲ್ಲ ಅಂತ ಯಾರೂ ಈ ಆಟವನ್ನು ಸುಳ್ಳು ಅನ್ನುವುದಿಲ್ಲ. ಯಾಕೆಂದರೆ ವಿನ್ಯಾಸ ಮಾಡುವವರ ಕೈಯಲ್ಲಿ ಪಾನಾ ಇರುವುದಿಲ್ಲ. ಮೇಸ್ತ್ರಿಗೆ 12ರ ಪಾನಾನೋ 13ರ ಪಾನಾನೋ ಅನ್ನುವುದು ದೊಡ್ಡ ಸಂಗತಿ, ವಿನ್ಯಾಸಕಾರರಿಗೆ ಅದು ಕಿರಿಕಿರಿ. ಆಟಗಾರನನ್ನು ಯಾರ ಕುರ್ಚಿಯಲ್ಲಿ ಕೂರಿಸುತ್ತೀರಿ ಅಂತ ಮೊದಲು ಗೊತ್ತುಮಾಡಿಕೊಂಡರೆ, ಯಾವ ವಿವರ ಬೇಕು ಅನ್ನುವ ಜಗಳದಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಸುಳ್ಳು ಅಂದೆನಲ್ಲ. ಈ ಲೋಕದ ಅತ್ಯಂತ ದೊಡ್ಡ, ಅತ್ಯಂತ ಚೆಂದದ ಸುಳ್ಳು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ನಲ್ಲಿದೆ. ಮೆಕ್ಸಿಕೊದ ಸ್ಕ್ವಾಡ್ ಕಂಪನಿಯದು, 2011ರಲ್ಲಿ ಮೊದಲು ಹೊರಬಂತು, 2015ರಲ್ಲಿ ಪೂರ್ಣ ಆವೃತ್ತಿ. ಅಲ್ಲಿ ಕಟ್ಟುವುದು ರಾಕೆಟ್ ಎಂಜಿನ್ನು, ನಮ್ಮ ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಆದರೂ ಕೇಳಿ. ನಮ್ಮ ಭೂಮಿಯ ತ್ರಿಜ್ಯ 6,371 ಕಿ.ಮೀ. ಆ ಆಟದ ಗ್ರಹ ಕರ್ಬಿನ್‌ದು 600. ನೆಲದ ಮೇಲಿನ ಗುರುತ್ವ ಮಾತ್ರ ಭೂಮಿಯಷ್ಟೇ. ಹಾಗಾಗಬೇಕಾದರೆ ಆ ಗ್ರಹದ ಸಾಂದ್ರತೆ ಭೂಮಿಯ ಹತ್ತರಷ್ಟಿರಬೇಕು. ನಮಗೆ ಗೊತ್ತಿರುವ ಅತಿ ಸಾಂದ್ರ ಲೋಹ ಆಸ್ಮಿಯಂ. ಅದರ ಎರಡರಷ್ಟಕ್ಕಿಂತ ಹೆಚ್ಚಾಯಿತು. ಅಂಥ ಗ್ರಹ ಇರಲು ಸಾಧ್ಯವೇ ಇಲ್ಲ!

ಯಾಕೆ ಹಾಗೆ ಮಾಡಿದರು? ನಿಜವಾದ ಭೂಮಿಯ ಸುತ್ತ ಕಕ್ಷೆಗೆ ಸೇರಲು ಸೆಕೆಂಡಿಗೆ 7.8 ಕಿ.ಮೀ. ವೇಗ ಬೇಕು. ರಾಕೆಟ್ಟಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇಂಧನವೇ ಆಗಿಬಿಡುತ್ತದೆ. ಮಕ್ಕಳಾಟದ ಹಾಗೆ ಜೋಡಿಸಿದ ರಾಕೆಟ್ ಎಂದೂ ಮೇಲೆ ಹೋಗುವುದಿಲ್ಲ. ಕರ್ಬಿನ್‌ನಲ್ಲಿ ಸುಮಾರು 2.3 ಕಿ.ಮೀ. ಸಾಕು. ವಕ್ರವಕ್ರ ರಾಕೆಟ್ಟೂ ಹೇಗೋ ದಾಟುತ್ತದೆ. ಅಂಕಿ ಸುಳ್ಳು, ಆದರೆ ನಿಯಮ ಸುಳ್ಳಲ್ಲ. ತೂಕ ಹೆಚ್ಚಾದರೆ ಇಂಧನ ಬೇಕು, ಆ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು ಅನ್ನುವ ವಿಷವರ್ತುಲ ಅಲ್ಲೂ ಇದೆ. ಮುಂದಿರುವ ನೌಕೆಯನ್ನು ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು ಅನ್ನುವ ತಲೆಕೆಳಗಾದ ಸತ್ಯವನ್ನು ಎಷ್ಟೋ ಹುಡುಗರು ಕಲಿತದ್ದು ಈ ಸುಳ್ಳು ಗ್ರಹದ ಮೇಲೆ.

ಈಗ ಆ ತಲೆನೋವಿನ ಆಟ. ‘ಮೈ ಸಮ್ಮರ್ ಕಾರ್’. ಫಿನ್‌ಲೆಂಡಿನ ಜೊಹಾನೆಸ್ ರೊಯೊಲಾ ಅನ್ನುವವರು ಮಾಡಿದ್ದು, 2016ರಲ್ಲಿ ಅರೆಬೆಂದ ರೂಪದಲ್ಲಿ ಬಂತು, 1.0 ಆವೃತ್ತಿ ಬಂದದ್ದು 2025ರ ಜನವರಿಯಲ್ಲಿ. ಕಥೆ ನಡೆಯುವುದು 1995ರ ಬೇಸಿಗೆ, ಫಿನ್‌ಲೆಂಡಿನ ಹಳ್ಳಿಗಾಡು. ಅಪ್ಪ ಅಮ್ಮ ರಜೆಗೆ ಹೋಗಿದ್ದಾರೆ. ಗ್ಯಾರೇಜಿನಲ್ಲಿ ಸತ್ಸುಮಾ ಅನ್ನುವ ಕಾರು ಬಿಡಿಬಿಡಿಯಾಗಿ ಬಿದ್ದಿದೆ. ಹಳೇ ಡ್ಯಾಟ್ಸನ್ 100ಎ ಕಾರನ್ನು ನೋಡಿ ಮಾಡಿದ್ದು. ಬ್ಲಾಕು, ಕ್ರ್ಯಾಂಕು, ಪಿಸ್ಟನ್ನುಗಳಿಂದ ಶುರುಮಾಡಿ ಇಡೀ ಕಾರನ್ನು ನೀವೇ ಕಟ್ಟಬೇಕು. ಪ್ರತಿ ಬೋಲ್ಟಿಗೂ ಸರಿಯಾದ ಸೈಜಿನ ಪಾನಾ ಹುಡುಕಬೇಕು, ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಬಿಗಿಮಾಡಬೇಕು. ಒಂದು ಬೋಲ್ಟು ಮರೆತರೆ ಆಟ ತುಟಿ ಬಿಚ್ಚುವುದಿಲ್ಲ. ಯಾವತ್ತೋ ರಸ್ತೆಯಲ್ಲಿ ಆ ಭಾಗ ಕಳಚಿ ಬೀಳುತ್ತದೆ. ಎಣ್ಣೆ ಹಾಕದಿದ್ದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ವಾಲ್ವಿನ ಸ್ಕ್ರೂ ಸರಿಮಾಡಬೇಕು, ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹೊಂದಿಸಬೇಕು, ಕಾರ್ಬ್ಯುರೇಟರಿನ ಮಿಶ್ರಣ ನೋಡಬೇಕು, ಎಲ್ಲ ಕಿವಿ ಕಣ್ಣಿನ ಮೇಲೆ. (ಇಷ್ಟೆಲ್ಲ ಬಿಡಿಬಿಡಿ ಇಟ್ಟವರೂ ಪಿಸ್ಟನ್ ರಿಂಗನ್ನು ಬೇರೆ ಇಟ್ಟಿಲ್ಲ. ನನ್ನ ‘ಟಿಕ್’ ಅಲ್ಲೂ ಇಲ್ಲ.)

ಇಲ್ಲಿಯವರೆಗೆ ನನ್ನ ಮಾತಿಗೆ ಒಗ್ಗುತ್ತದೆ. ಆದರೆ ಈ ಆಟ ಕಾಲವನ್ನೂ ಕತ್ತರಿಸುವುದಿಲ್ಲ. ಒಳ್ಳೇ ಪಾರ್ಟ್ ಬೇಕಾದರೆ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಬೇಕು, ಬರುವವರೆಗೆ ಕಾಯಬೇಕು. ಹಸಿವು, ಬಾಯಾರಿಕೆ, ದಣಿವು, ಕೊಳಕು, ಮೂತ್ರ, ಇವಕ್ಕೆಲ್ಲ ಒಂದೊಂದು ಅಳತೆಪಟ್ಟಿ. ಪೇಟೆಗೆ ದೂರದ ಮಣ್ಣು ದಾರಿ. ಸತ್ತರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಸತ್ತರೆ ಆಟ ಮುಗಿಯಲಿ ಅನ್ನುವ ಆಯ್ಕೆ ಹಾಕಿಕೊಂಡಿದ್ದರೆ ಮತ್ತೆ ಮೊದಲಿಂದ. ನನ್ನ ಸೂತ್ರದ ಪ್ರಕಾರ ಈ ಆಟ ಬೋರ್ ಹೊಡೆಸಬೇಕಿತ್ತು. ಜನ ಮುಗಿಬಿದ್ದು ಆಡಿದರು. ನಾನೂ ಆಡಿದೆ. ಬೈದುಕೊಂಡು ಆಡಿದೆ.

ಇದನ್ನು ಬಹಳ ದಿನ ತಲೆಯಲ್ಲಿ ಹೊತ್ತು ತಿರುಗಿದ ಮೇಲೆ ನನಗೆ ಹೊಳೆದದ್ದು ಇದು. ಆ ಆಟದಲ್ಲಿ ಕಾಯುವಾಗ ನೀವು ಸುಮ್ಮನೆ ಕೂತಿರುವುದಿಲ್ಲ. ಪಾರ್ಟಿಗೆ ದುಡ್ಡು ಬೇಕು. ಅದಕ್ಕೆ ಊರವರ ಮನೆಯ ಶೌಚದ ಗುಂಡಿ ಖಾಲಿ ಮಾಡುವ ಲಾರಿ ಓಡಿಸಬೇಕು, ಸೌದೆ ಸೀಳಿ ತಲುಪಿಸಬೇಕು, ಕಳ್ಳಭಟ್ಟಿಯಂಥದ್ದೊಂದನ್ನು ಹುಳಿಬರಿಸಿ ಮಾರಬೇಕು. ಆ ಪ್ರತಿ ಕೆಲಸದಲ್ಲೂ ಎಡವಟ್ಟು ಕಾದುಕೂತಿದೆ. ಸಂಜೆ ಸೌನಾ ಅನ್ನುವ ಬಿಸಿಹಬೆಯ ಕೋಣೆಯಲ್ಲಿ ಬೆವರು ಹರಿಸಬೇಕು. ಕಾಯುವಿಕೆಯೊಳಗೆ ಒಂದು ಊರೇ ಇದೆ. ನನ್ನ ನಾಲ್ಕು ದಿನ ಬರಿದಾಗಿತ್ತು, ಅದಕ್ಕೇ ಅದನ್ನು ಕತ್ತರಿಸಿ ಅಂದೆ. ಹೋಗಲಿ, ನಿಜವಾಗಿ ಬರಿದಾಗಿತ್ತೇ? ಆ ನಾಲ್ಕು ದಿನವೂ ಗ್ಯಾರೇಜಿನಲ್ಲೇ ಇದ್ದೆ. ಮೇಸ್ತ್ರಿ ಪಾರ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಹಚ್ಚಿದರು, ಟೀ ತರಲು ಕಳಿಸಿದರು, ಯಾರದೋ ಸ್ಕೂಟರಿನ ಕ್ಲಚ್ ಕೇಬಲ್ ಹಾಕಿಸಿದರು. ಈಗ ನೆನೆದರೆ, ಆ ವರ್ಷ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಕಲಿತದ್ದು ಆ ನಾಲ್ಕು ದಿನದಲ್ಲೇ ಇರಬೇಕು. ಹಾಗಾಗಿ ನನ್ನ ಮಾತಿಗೇ ತಿದ್ದುಪಡಿ: ಕಾಯುವ ಹೊತ್ತನ್ನು ತುಂಬಲು ಶಕ್ತಿಯಿದ್ದರೆ ತುಂಬಿ. ಇಲ್ಲದಿದ್ದರೆ ಕತ್ತರಿಸಿ. ‘ದಯವಿಟ್ಟು ನಿರೀಕ್ಷಿಸಿ, 3 ಗಂಟೆ 59 ನಿಮಿಷ’ ಅಂತ ಗಡಿಯಾರ ತೋರಿಸಿ, ದುಡ್ಡು ಕೊಟ್ಟರೆ ಬೇಗ ಅನ್ನುವ ಮೊಬೈಲ್ ಆಟಗಳು ಮಾತ್ರ ಬೇಡ. ಅದಕ್ಕೆ ರಿಯಲಿಸಂ ಅನ್ನುವ ಹೆಸರು ಕೊಡಬೇಡಿ.

ಕೂತವರಲ್ಲಿ ಒಬ್ಬರು ಕೇಳಿದರು: ‘ಸರ್, ಸುಲಭ–ಕಷ್ಟ ಅಂತ ಒಂದು ಆಯ್ಕೆ ಕೊಟ್ಟುಬಿಟ್ಟರೆ ಆಗಲ್ವಾ? ಅವರವರಿಗೆ ಬೇಕಾದಷ್ಟು ರಿಯಲಿಸಂ ಅವರೇ ಹಾಕ್ಕೊಳ್ಳಲಿ.’

ಆಗುತ್ತೆ. ಕರ್ಬಲ್ ಆಟಕ್ಕೆ ಅಭಿಮಾನಿಗಳೇ ನಿಜ ಅಳತೆಯ ಸೌರವ್ಯೂಹ ಮಾಡಿಕೊಂಡರು. ಎಷ್ಟು ಸಲ ಬೇಕಾದರೂ ಹೊತ್ತಿಕೊಳ್ಳುತ್ತಿದ್ದ ಎಂಜಿನ್ನುಗಳಿಗೆ ಇಷ್ಟೇ ಸಲ ಅಂತ ಮಿತಿಯನ್ನೂ ಹಾಕಿಕೊಂಡರು. ಆದರೆ ಅವರು ನೂರಾರು ಗಂಟೆ ಸುಳ್ಳು ಗ್ರಹದಲ್ಲಿ ಪಳಗಿದವರು. ಮೊದಲ ದಿನ ಬಂದವರ ಮುಂದೆ ‘ರಿಯಲಿಸಂ ಎಷ್ಟು?’ ಅಂತ ಸ್ಲೈಡರ್ ಇಟ್ಟರೆ, ಹೋಟೆಲಿಗೆ ಬಂದವರನ್ನು ‘ಸಾರಿಗೆ ಉಪ್ಪು ಎಷ್ಟು ಚಮಚ ಹಾಕಲಿ?’ ಅಂತ ಅಡುಗೆಮನೆಯಿಂದ ಕೂಗಿ ಕೇಳಿದ ಹಾಗೆ. ಆ ಲೆಕ್ಕ ಅಡುಗೆಯವರದು.

ಕೊನೆಗೆ ನಮ್ಮದೇ ಕೆಲಸದ ಬಗ್ಗೆ ಎರಡು ಮಾತು. ನಾವು ಮೂವರು ಸೇರಿ ಬಿಡುವಿನಲ್ಲಿ ಒಂದು ಸಣ್ಣ ಆಟ ಮಾಡುತ್ತಿದ್ದೇವೆ. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್, ಬೋರು 65, ಸ್ಟ್ರೋಕು 75. ಯಾವ ಗಾಡಿ ಅಂತ ಈ ಊರಿನವರಿಗೆ ಹೇಳಬೇಕಿಲ್ಲ. ರಿಂಗಿನ ಪಿನ್ನು ಇದೆ, ‘ಟಿಕ್’ ಇದೆ. ಮೊದಲ ರೂಪ ಸಿದ್ಧವಾದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಅದೇ ಮೇಸ್ತ್ರಿಯ ಹತ್ತಿರ ಹೋದೆ. ಈಗ ಅವರಿಗೆ ವಯಸ್ಸಾಗಿದೆ, ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ. ಮೌಸ್ ಹಿಡಿಯಲು ಬರಲಿಲ್ಲ, ನಾನೇ ಆಡಿ ತೋರಿಸಿದೆ. ಕಿಕ್ ಹೊಡೆದೆ, ಎಂಜಿನ್ ಹಿಡಿಯಿತು. ಪರದೆಯ ಮೂಲೆಯಲ್ಲಿ ಗಾಳಿ–ಪೆಟ್ರೋಲಿನ ಮಿಶ್ರಣ ಎಷ್ಟಿದೆ ಅಂತ ಒಂದು ಮುಳ್ಳು ಇಟ್ಟಿದ್ದೆವು, ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಅದರ ಕಡೆ ನೋಡಲೇ ಇಲ್ಲ.

‘ಪ್ಲಗ್ ಬಿಚ್ಚಿ ತೋರ್ಸು’ ಅಂದರು.

ನಮ್ಮ ಆಟದಲ್ಲಿ ಕಿಡಿ ಹಾರಿಸುವ ಆ ಸ್ಪಾರ್ಕ್ ಪ್ಲಗ್ ಇತ್ತು, ಆದರೆ ಬಿಚ್ಚಲು ಬರುತ್ತಿರಲಿಲ್ಲ. ಅದಕ್ಕೆ ಒಂದೇ ಬಣ್ಣ, ಹೊಸದಾಗಿ ಅಂಗಡಿಯಿಂದ ತಂದದ್ದು. ‘ಇಷ್ಟೆಲ್ಲ ಮಾಡಿದ್ದೀಯ, ಪ್ಲಗ್ ನೋಡ್ದೆ ಎಂಗಪ್ಪ ಗೊತ್ತಾಯ್ತದೆ?’ ಅಂತ ನಕ್ಕರು. ಅವರು ಹೇಳಿದ್ದು ಸರಿ. ಉರಿ ಸರಿಯಿದ್ದರೆ ಪ್ಲಗ್ಗಿನ ಮೂತಿ ಕಾಫಿಪುಡಿಯ ಬಣ್ಣ. ಪೆಟ್ರೋಲು ಜಾಸ್ತಿಯಾದರೆ ಮಸಿ ಕಪ್ಪು, ಎಣ್ಣೆ ಜಾಸ್ತಿಯಾದರೆ ಒದ್ದೆ ಕಪ್ಪು. ಪೆಟ್ರೋಲು ಕಡಿಮೆಯಾಗಿ ಕಾದರೆ ಬಿಳಿ. ಯಾವ ಮುಳ್ಳೂ ಬೇಡ, ಎಲ್ಲ ಅದರ ಮೂತಿಯಲ್ಲೇ ಬರೆದಿದೆ.

ಮುಳ್ಳನ್ನು ತೆಗೆದುಹಾಕಿದೆವು. ಪ್ಲಗ್ ಬಿಚ್ಚುವುದು, ತಿರುಗಿಸಿ ನೋಡುವುದು, ವೈರ್ ಬ್ರಷ್ಷಿನಲ್ಲಿ ಉಜ್ಜುವುದು, ಇಷ್ಟನ್ನು ಸೇರಿಸಲು ಒಂದು ತಿಂಗಳು ಹಿಡಿಯಿತು. ಹೋದ ವಾರ ಮತ್ತೆ ತೋರಿಸಿ ಬಂದೆ. ಕಪ್ಪು ಸರಿ ಅಂದರು. ಕಾಫಿ ಬಣ್ಣಕ್ಕೂ ತಲೆ ಆಡಿಸಿದರು. ಬಿಳಿ ಮಾತ್ರ ‘ಗೋಡೆಗೆ ಸುಣ್ಣ ಬಳ್ದಂಗದೆ ಕಣಪ್ಪಾ, ಅದು ಬೂದಿ ಥರ ಇರ್ಬೇಕು’ ಅಂದರು. ಸದ್ಯ ಅದನ್ನೇ ತಿದ್ದುತ್ತಾ ಕೂತಿದ್ದೇವೆ.